ಶನಿವಾರ ಬಂದರೆ ಫೈರ್‌ವಾಲ್ ಕೂಗಾಟ ಜಾಸ್ತಿ ಯಾಕೆ?

ಪ್ರಶ್ನೆ: ಸಾರ್, ಮೂಡಿಗೆರೆ ಹತ್ತಿರ ನಮ್ಮದೊಂದು ಕಾಫಿ ತೋಟ, ಜೊತೆಗೆ ನಾಲ್ಕು ರೂಮಿನ ಹೋಂಸ್ಟೇ. ಬುಕಿಂಗ್, ಲೆಕ್ಕ ಎಲ್ಲ ಒಂದೇ ಲ್ಯಾಪ್‌ಟಾಪ್‌ನಲ್ಲಿ. ಬೆಂಗಳೂರಿನಿಂದ ಬಂದಿದ್ದ ಮಗ ಅದಕ್ಕೆ ಫೈರ್‌ವಾಲ್ ಹಾಕಿಕೊಟ್ಟು ಹೋದ. ಅವತ್ತಿನಿಂದ ‘ತಡೆಯಲಾಗಿದೆ’ ಅಂತ ಮೆಸೇಜ್ ಬರುತ್ತಲೇ ಇದೆ. ಶನಿವಾರ, ಭಾನುವಾರ ಇನ್ನೂ ಜಾಸ್ತಿ. ಯಾರಾದರೂ ಹ್ಯಾಕ್ ಮಾಡುತ್ತಿದ್ದಾರಾ? ಮೂರು ಮೆಸೇಜ್ ಬರೆದು ಕಳಿಸಿದ್ದೇನೆ.

ಉತ್ತರ: ಫೈರ್‌ವಾಲ್ ಅಂದರೆ ಲ್ಯಾಪ್‌ಟಾಪ್‌ನ ಒಳಗೆ ಬರುವುದನ್ನೂ ಹೊರಗೆ ಹೋಗುವುದನ್ನೂ ನೋಡಿ ಬಿಡುವ, ಇಲ್ಲವೇ ತಡೆಯುವ ಕಾವಲುಗಾರ. ಶನಿವಾರ, ಭಾನುವಾರ ಜಾಸ್ತಿ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಅವತ್ತು ನಿಮ್ಮ ವೈಫೈನಲ್ಲಿ ಗೆಸ್ಟ್‌ಗಳ ಫೋನು, ಲ್ಯಾಪ್‌ಟಾಪ್ ಎಲ್ಲ ಸೇರಿಕೊಂಡಿರುತ್ತವೆ.

ಮೊದಲ ಮೆಸೇಜ್: 192.168.1.7ರಿಂದ 239.255.255.250ಕ್ಕೆ, ಪೋರ್ಟ್ (ಅಂದರೆ ಕಂಪ್ಯೂಟರಿನ ನಂಬರ್ ಹಾಕಿದ ಬಾಗಿಲು) 1900. 192.168 ಅಂತ ಶುರುವಾಗುವ ನಂಬರ್ ಮನೆಯೊಳಗಿನದು, ನಿಮ್ಮ ರೂಟರ್ ಕೊಟ್ಟಿದ್ದು. ಟಿವಿಯೋ ಫೋನೋ ‘ಇಲ್ಲಿ ಯಾರ್ ಯಾರಿದ್ದೀರಿ?’ ಅಂತ ಎಲ್ಲರಿಗೂ ಕೇಳುವಂತೆ ಕೂಗುತ್ತಿದೆ, ಅಷ್ಟೆ. ಬಿಟ್ಟುಬಿಡಿ.

ಎರಡನೆಯದು ಹೊರಗಿನ ನಂಬರ್, ಪೋರ್ಟ್ 443ರಿಂದ ಬಂದಿದೆ. ಇದು ಬಹುತೇಕ ನೀವೇ ತೆರೆದಿದ್ದ ವೆಬ್‌ಸೈಟ್. ನೀವು ಪೇಜ್ ಮುಚ್ಚಿದಿರಿ, ಅದರ ಉತ್ತರ ತಡವಾಗಿ ಬಂತು. ಆ ಮಾತುಕತೆ ಮುಗಿಯಿತು ಅಂದುಕೊಂಡ ಫೈರ್‌ವಾಲ್ ಬಾಗಿಲಲ್ಲೇ ತಡೆಯಿತು. ನೆಟ್ ನಿಧಾನ ಇದ್ದಾಗ ಇದು ಮಾಮೂಲು.

ಮೂರನೆಯದನ್ನು ಸ್ವಲ್ಪ ನೋಡಬೇಕು: 192.168.1.12ರಿಂದ ಪೋರ್ಟ್ 445ಕ್ಕೆ. ಒಂದು ಕಂಪ್ಯೂಟರಿಗೆ 65,536 ಪೋರ್ಟ್ ಇರುತ್ತವೆ, ತೋಟದ ಲೈನ್ ಮನೆಗಳ ಹಾಗೆ ಸಾಲಾಗಿ ನಂಬರ್ ಹಾಕಿದ ಬಾಗಿಲುಗಳು. 445 ವಿಂಡೋಸ್ ಫೈಲ್ ಹಂಚಿಕೊಳ್ಳುವ ಬಾಗಿಲು. ಗೆಸ್ಟ್ ಲ್ಯಾಪ್‌ಟಾಪ್ ಸುಮ್ನೆ ಪ್ರಿಂಟರ್ ಹುಡುಕುತ್ತಿರಬಹುದು. ಆದರೆ 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹಬ್ಬಿದ್ದೂ ಇದೇ ಬಾಗಿಲಿನಿಂದ. ಅದನ್ನು ತಡೆಯುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಹಾಗಂತ ಗೆಸ್ಟ್ ರೂಮಿಗೆ ಹೋಗಿ ಜಗಳ ಆಡಬೇಡಿ! ರೂಟರ್‌ನಲ್ಲಿ ಗೆಸ್ಟ್ ವೈಫೈ ಅಂತ ಬೇರೆ ಇದ್ದರೆ ಅದನ್ನು ಆನ್ ಮಾಡಿ, ಅದರ ಪಾಸ್‌ವರ್ಡ್ ಮಾತ್ರ ಅವರಿಗೆ ಕೊಡಿ. ಲೆಕ್ಕದ ಲ್ಯಾಪ್‌ಟಾಪ್ ಅವರ ಜೊತೆ ಒಂದೇ ವೈಫೈನಲ್ಲಿ ಇರಬಾರದು.

ಈ ಮೂರೂ ಒಳಗೆ ಬರಲು ನೋಡಿದವು, ತಡೆದಾಗಿದೆ. ಇಂಥವಕ್ಕೆ ಪಾಪ್‌ಅಪ್ ಆಫ್ ಮಾಡಿ, ಲಾಗ್ (ತಡೆದದ್ದನ್ನೆಲ್ಲ ಬರೆದಿಡುವ ಪಟ್ಟಿ) ಮಾತ್ರ ಇರಲಿ. ಕೆಲವು ಫೈರ್‌ವಾಲ್‌ಗಳು ‘ನೋಡಿ, ನಾನು ಕೆಲಸ ಮಾಡ್ತಿದ್ದೀನಿ’ ಅಂತ ತೋರಿಸಿಕೊಳ್ಳಲೇ ಇಷ್ಟು ಗಲಾಟೆ ಮಾಡುತ್ತವೆ ಅಂತ ನನಗೆ ಅನುಮಾನ.

ನಿಮ್ಮ ಗಮನ ಬೇಕಾಗಿರುವುದು ಒಳಗಿನಿಂದ ಹೊರಗೆ ಹೋಗುವವುಗಳ ಮೇಲೆ. ‘ಈ ಪ್ರೋಗ್ರಾಂ ಇಂಟರ್ನೆಟ್‌ಗೆ ಹೋಗಬೇಕಂತೆ, ಬಿಡಲಾ?’ ಅಂತ ಕೇಳಿದರೆ ಹೆಸರು ಓದಿ. ಈಗಷ್ಟೇ ನೀವೇ ತೆರೆದ ಪ್ರೋಗ್ರಾಂ ಆದರೆ ಸರಿ. ಹೆಸರೇ ಕೇಳಿಲ್ಲವೇ? ಬೇಡ ಅನ್ನಿ. ಏನಾದರೂ ನಿಂತುಹೋದರೆ ಆಮೇಲೆ ಬಿಡಬಹುದು. ಅವಸರಕ್ಕೆ ‘ಅಲೋ’ ಒತ್ತಿಬಿಡುವವರೇ ಜಾಸ್ತಿ, ಅಲ್ವಾ?

ಇನ್ನೊಂದು. ಬ್ರೌಸರ್‌ನಲ್ಲಿ ‘ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ’ ಅಂತ ಬಂದರೆ ಅದು ಫೈರ್‌ವಾಲ್ ಅಲ್ಲ, ಮೋಸ. ಬ್ರೌಸರ್ ಮುಚ್ಚಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಸೋಮವಾರ ರೂಮ್‌ಗಳೆಲ್ಲ ಖಾಲಿಯಾದ ಮೇಲೆ ಲಾಗ್ ತೆಗೆದು ನೋಡಿ. ಆಗಲೂ 445ರ ಸಾಲು ಬರುತ್ತಲೇ ಇದ್ದರೆ ಅದು ಗೆಸ್ಟ್‌ಗಳದ್ದಲ್ಲ, ನಿಮ್ಮ ಮನೆಯದೇ ಇನ್ನೊಂದು ಕಂಪ್ಯೂಟರ್. ಮೊದಲು ಅದಕ್ಕೆ ವಿಂಡೋಸ್ ಅಪ್‌ಡೇಟ್ ಹಾಕಿ, ಆಂಟಿವೈರಸ್ ಸ್ಕ್ಯಾನ್ ಮಾಡಿಸಿ.