ಪ್ರಶಸ್ತಿ ಪಟ್ಟಿ ಸಾಕು, ಆ ಡೈರಿ ತೋರಿಸಿ

ನಮಸ್ಕಾರ ಮೇಡಂ,

ಅಮೆರಿಕದ ಇತಿಹಾಸಕಾರ್ತಿ ಲಾರೆಲ್ ಥ್ಯಾಚರ್ ಉಲ್ರಿಚ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಮಹಿಳಾ ದಿನ ಹತ್ತಿರ ಬಂತೆಂದರೆ ನಮಗೆ ಬರುವುದು ಅದದೇ ಆರೇಳು ಹೆಸರು. ನೀವು ಬೇರೆಯವರನ್ನು ಹುಡುಕಿದ್ದೀರಿ, ಖುಷಿಯಾಯಿತು.

ಆದರೆ ಮೊದಲ ಎರಡು ಪುಟ ಬರೀ ಬಯೋಡೇಟಾ. 1938ರಲ್ಲಿ ಐಡಾಹೊದ ಶುಗರ್ ಸಿಟಿಯಲ್ಲಿ ಹುಟ್ಟು, 1980ರಲ್ಲಿ ಪಿಎಚ್‌ಡಿ, 1991ರಲ್ಲಿ ಪುಲಿಟ್ಜರ್ ಪ್ರಶಸ್ತಿ, ಮರುವರ್ಷ ಮೆಕಾರ್ಥರ್ ಫೆಲೋಶಿಪ್, 1995ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕೆಲಸ. ತಪ್ಪಿಲ್ಲ. ಇದನ್ನು ಐದು ಸಾಲಿಗೆ ಇಳಿಸಿ. ಐದು ಮಕ್ಕಳ ತಾಯಿಯಾಗಿ ಸಂಶೋಧನೆ ಮಾಡಿದರು ಅನ್ನುವುದಕ್ಕೆ ಅರ್ಧ ವಾಕ್ಯ, ಪ್ರಶಸ್ತಿಗಳಿಗೆ ಒಂದೂವರೆ ಪುಟ! ಇದ್ಯಾವ ಲೆಕ್ಕ?

‘ಹೇಳಿದಂತೆ ಕೇಳಿಕೊಂಡಿರುವ ಹೆಂಗಸರು ಚರಿತ್ರೆಯಲ್ಲಿ ಕಾಣಿಸುವುದು ಅಪರೂಪ’ ಅನ್ನುವ ಅವರ ಮಾತನ್ನು ಹಿಡಿದು, ‘ಹಾಗಾಗಿ ಹೆಣ್ಮಕ್ಕಳೇ, ಮಾತು ಕೇಳಬೇಡಿ’ ಎಂದು ಕರೆ ಕೊಟ್ಟಿದ್ದೀರಿ. ಟೀ ಶರ್ಟು, ಕಾಫಿ ಮಗ್ಗುಗಳ ಮೇಲೆ ಆ ಮಾತು ಹಾಗೇ ಓಡಾಡುತ್ತಿದೆ, ನಿಜ. ಆದರೆ ಅವರು ಅದನ್ನು ಬರೆದದ್ದು 1976ರ ಒಂದು ಸಂಶೋಧನಾ ಲೇಖನದಲ್ಲಿ. ನ್ಯೂ ಇಂಗ್ಲೆಂಡಿನ, ಅಂದರೆ ಅಮೆರಿಕದ ಈಶಾನ್ಯ ಭಾಗದ, ದೈವಭಕ್ತ ಹೆಂಗಸರು ತೀರಿಕೊಂಡಾಗ ಪಾದ್ರಿಗಳು ಮಾಡಿದ ಉಪದೇಶಗಳ ಬಗ್ಗೆ ಇದ್ದ ಲೇಖನ ಅದು. ಸದ್ದಿಲ್ಲದೆ ಬದುಕಿದವರನ್ನು ಇತಿಹಾಸಕಾರರು ಮರೆತಿದ್ದಾರಲ್ಲ ಅನ್ನುವುದು ಅವರ ತಕರಾರು. ನೀವು ಅದೇ ಹೆಂಗಸರನ್ನು ಇನ್ನೊಮ್ಮೆ ಪಕ್ಕಕ್ಕೆ ಸರಿಸಿದಂತಾಯ್ತು ಅಲ್ವಾ?

ಅವರಿಗೆ ಪುಲಿಟ್ಜರ್ ತಂದುಕೊಟ್ಟ ಪುಸ್ತಕವೂ ಅಂಥ ಒಬ್ಬಳ ಬಗ್ಗೆಯೇ. ಮಾರ್ಥಾ ಬ್ಯಾಲರ್ಡ್. ಮೇನ್ ಪ್ರಾಂತ್ಯದ ಹ್ಯಾಲೊವೆಲ್ ಎಂಬ ಊರಿನ ಸೂಲಗಿತ್ತಿ. 1785ರಿಂದ 1812ರವರೆಗೆ, ಸಾಯುವ ಹೊತ್ತಿನ ತನಕ ಡೈರಿ ಬರೆದಳು. ಹವಾಮಾನ ಹೇಗಿತ್ತು, ಯಾರ ಮನೆಗೆ ಹೋಗಿದ್ದೆ, ಮಗ್ಗದಲ್ಲಿ ಏನು ನೇಯ್ದರು, ಯಾರಿಗೆ ಹೆರಿಗೆ ಮಾಡಿಸಿದೆ. 816 ಹೆರಿಗೆಗಳ ದಾಖಲೆ ಅದರಲ್ಲಿದೆ. ಹಿಂದಿನವರು ಅದನ್ನು ತಿರುವಿ ನೋಡಿ, ಬರೀ ಮನೆವಾರ್ತೆ ಎಂದು ಪಕ್ಕಕ್ಕಿಟ್ಟಿದ್ದರು. ಉಲ್ರಿಚ್ ಆ ಮನೆವಾರ್ತೆಯನ್ನೇ ಕೂತು ಓದಿದರು. ಲೆಕ್ಕ ಹಾಕಿದರು, ಪಟ್ಟಿ ಮಾಡಿದರು, ಕೋರ್ಟು ಮತ್ತು ಊರಿನ ದಾಖಲೆಗಳ ಜೊತೆ ತಾಳೆ ನೋಡಿದರು. ಗಂಡಸರ ಕಾಗದಪತ್ರಗಳಲ್ಲಿ ಎಲ್ಲೂ ಕಾಣದ ಹೆಂಗಸರ ವ್ಯವಹಾರ, ನೂಲು, ಬಟ್ಟೆ, ಕೊಡುಕೊಳ್ಳುವಿಕೆ ಎಲ್ಲ ಹೊರಗೆ ಬಂತು. ನಿಮ್ಮ ಲೇಖನದಲ್ಲಿ ಈ ಡೈರಿಗೆ ಸಿಕ್ಕಿರುವುದು ಎರಡು ಸಾಲು.

ಒಂದು ಪ್ರಸಂಗ ಹೇಳುತ್ತೇನೆ, ಇದನ್ನು ದಯವಿಟ್ಟು ಸೇರಿಸಿ. ಆಗೆಲ್ಲ ಮದುವೆಯಾಗದ ಹೆಣ್ಣು ಹೆರುವಾಗ, ನೋವಿನ ನಡುವೆಯೇ, ಮಗುವಿನ ತಂದೆ ಯಾರು ಎಂದು ಸೂಲಗಿತ್ತಿ ಕೇಳಬೇಕಿತ್ತು. ಆ ಹೊತ್ತಿನಲ್ಲಿ ಹೇಳಿದ್ದು ಕೋರ್ಟಿನಲ್ಲಿ ನಿಲ್ಲುತ್ತಿತ್ತು. ಮಗುವಿನ ಖರ್ಚನ್ನು ಅವನಿಂದ ವಸೂಲಿ ಮಾಡಲು ಅದೇ ಆಧಾರ. 1791ರ ಅಕ್ಟೋಬರಿನಲ್ಲಿ ಸ್ಯಾಲಿ ಪಿಯರ್ಸ್ ಎಂಬವಳಿಗೆ ಹೆರಿಗೆ. ಮಾರ್ಥಾ ಕೇಳಿದಳು. ಸ್ಯಾಲಿ ಹೇಳಿದ್ದು ಮಾರ್ಥಾಳ ಮಗ ಜೊನಾಥನ್ ಹೆಸರು! ಮಾರ್ಥಾ ಅದನ್ನು ಹಾಗೇ ಡೈರಿಯಲ್ಲಿ ಬರೆದಿಟ್ಟಳು. ಮುಂದಿನ ಫೆಬ್ರವರಿಯಲ್ಲಿ ಅವರಿಬ್ಬರ ಮದುವೆಯಾಯಿತು. ಉಲ್ರಿಚ್ ಇಲ್ಲಿ ಯಾರ ಮೇಲೂ ತೀರ್ಪು ಕೊಡಲು ಹೋಗುವುದಿಲ್ಲ. ಆ ಕಾನೂನು ಹೇಗೆ ನಡೆಯುತ್ತಿತ್ತು, ಊರು ಇಂಥದ್ದನ್ನು ಹೇಗೆ ಸಂಭಾಳಿಸುತ್ತಿತ್ತು ಎಂದು ಬಿಡಿಸಿ ತೋರಿಸುತ್ತಾರೆ. ಅವರು ಎಂಥ ಇತಿಹಾಸಕಾರ್ತಿ ಎಂದು ಓದುಗರಿಗೆ ಗೊತ್ತಾಗುವುದು ಇಲ್ಲಿ. ‘ಬಹುಮುಖ ಪ್ರತಿಭೆ’ ಎಂದು ನಾಲ್ಕು ಸಲ ಬರೆದಿದ್ದೀರಲ್ಲ, ಅದರಿಂದಲ್ಲ.

ಕೊನೆಯ ಪ್ಯಾರಾದಲ್ಲಿ ಅಕ್ಕಮಹಾದೇವಿ, ಓಬವ್ವ, ಕಿತ್ತೂರು ಚೆನ್ನಮ್ಮ ಮೂವರನ್ನೂ ಸುಮ್ನೆ ಕರೆತಂದು ನಿಲ್ಲಿಸಿದ್ದೀರಿ. ತೆಗೆದುಬಿಡಿ, ಅವರಿಗೆ ಇಲ್ಲಿ ಏನೂ ಕೆಲಸವಿಲ್ಲ.

ಮತ್ತೆ ಬರೆಯುವಾಗ ಡೈರಿಯಿಂದಲೇ ಶುರು ಮಾಡಿ ನೋಡಿ. ಸಾವಿರ ಪದ ದಾಟದಿರಲಿ. ಯೂನಿಕೋಡ್‌ನಲ್ಲೇ ಕಳಿಸಿ, ಈ ಸಲ ಒತ್ತಕ್ಷರಗಳು ಅರ್ಧಕ್ಕರ್ಧ ಹಾರಿಹೋಗಿದ್ದವು.

ಇಂತಿ,
ಸಂಪಾದಕ