ನಾನು ಟೆನ್‌ಪಿನ್ ಬೌಲಿಂಗ್ (ಲೇನ್ ಎಂಬ ಹಲಗೆ ಹಾಸಿನ ಮೇಲೆ ಭಾರದ ಚೆಂಡು ಉರುಳಿಸಿ ತುದಿಯ ಹತ್ತು ಪಿನ್‌ಗಳನ್ನು ಬೀಳಿಸುವ ಆಟ) ಲೀಗ್‌ನಲ್ಲಿ ಆಡುತ್ತೇನೆ. ಮೊದಲ ಆಟದಲ್ಲಿ ಮಾತು ಕೇಳಿದ ಚೆಂಡು ಮೂರನೆಯ ಆಟದಲ್ಲಿ ಕೈಕೊಟ್ಟು ಎಡಕ್ಕೆ ಓಡುತ್ತದೆ. ಹೊಸ ಚೆಂಡು ಕೊಳ್ಳಲೇ?

ಕೊಳ್ಳಬೇಡಿ. ಮೊದಲ ಆಟದಲ್ಲಿ ಮಾತು ಕೇಳಿದ ಚೆಂಡು ಮೂರನೆಯ ಆಟದಲ್ಲಿ ಕೈಕೊಡುತ್ತದೆ ಎಂಬ ನಿಮ್ಮ ಸಾಲು ಓದಿದ ಕೂಡಲೇ ಮಿಷಿಗನ್‌ನ ಒಂದು ಫೆಬ್ರುವರಿ ರಾತ್ರಿ ನನ್ನ ಕಣ್ಣ ಮುಂದೆ ಬಂತು.

ಆಗ ಡೆಟ್ರಾಯಿಟ್ ಬಳಿಯ ಊರೊಂದರಲ್ಲಿ ಕೆಲಸದಲ್ಲಿದ್ದೆ. ಕಚೇರಿಯ ನಾಲ್ವರು ಸೇರಿ ತಂಡ ಕಟ್ಟಿದ್ದೆವು. ವಾರಕ್ಕೆ ಒಂದು ರಾತ್ರಿ, ಮೂರು ಆಟ. ಆ ದಿನ ಹೊರಗೆ ಮೊಣಕಾಲುದ್ದ ಹಿಮ ಬಿದ್ದಿತ್ತು. ಹೇಗೋ ತಲುಪಿದರೆ, ಲೇನ್‌ಗೆ ಎಣ್ಣೆ ಹಚ್ಚುವ ಯಂತ್ರ ಕೆಟ್ಟಿದೆ ಎಂದರು. ಬೆಳಿಗ್ಗೆ ಹಚ್ಚಿದ್ದರಲ್ಲಿ ಏನು ಉಳಿದಿತ್ತೋ ಅದರ ಮೇಲೆಯೇ ಆಡಬೇಕಿತ್ತು.

ಎಸೆಯುವಾಗ ದಾಟಬಾರದ ಫೌಲ್ ಗೆರೆಯಿಂದ ಮೊದಲ ಪಿನ್‌ಗೆ 60 ಅಡಿ. ಅದರಲ್ಲಿ ಸಾಮಾನ್ಯವಾಗಿ ಮೊದಲ 40 ಅಡಿಯಷ್ಟಕ್ಕೆ ಎಣ್ಣೆ ಇರುತ್ತದೆ, ಮುಂದಿನದು ಒಣ ನೆಲ. ಎಣ್ಣೆಯ ಮೇಲೆ ಚೆಂಡು ಜಾರುತ್ತದೆ, ಒಣ ನೆಲ ಸಿಕ್ಕಿದಾಗ ಹಿಡಿತ ಪಡೆದು ತಿರುಗುತ್ತದೆ. ರಾತ್ರಿ ಪಂದ್ಯದಲ್ಲಿ ಇಬ್ಬನಿ ಬಿದ್ದಾಗ ಸ್ಪಿನ್ನರ್‌ನ ಚೆಂಡು ತಿರುಗದೆ ಜಾರುವುದನ್ನೂ, ಐದನೆಯ ದಿನದ ಒಣ ಪಿಚ್‌ನಲ್ಲಿ ಗಕ್ಕನೆ ತಿರುಗುವುದನ್ನೂ ನೀವು ನೋಡಿರುತ್ತೀರಿ. ಇದೂ ಅದೇ. ಪಿಚ್ ಒಡೆದಿರುವುದು ಕಾಣುತ್ತದೆ, ಎಣ್ಣೆ ಹೋಗಿರುವುದು ಕಾಣುವುದಿಲ್ಲ.

ಮೊದಲ ಆಟದಲ್ಲಿ ನನ್ನದು 178 ಅಂಕ. ಬಲಗಡೆಯಿಂದ 10ನೆಯ ಹಲಗೆಯ ಮೇಲಿರುವ ಎರಡನೆಯ ಬಾಣದ ಗುರುತಿನ ಮೇಲೆ ಚೆಂಡು ಹಾಯಿಸುತ್ತಿದ್ದೆ. ಸತತ ಮೂರು ಸ್ಟ್ರೈಕ್ (ಒಂದೇ ಎಸೆತಕ್ಕೆ ಹತ್ತೂ ಪಿನ್) ಬಿದ್ದವು. ಎರಡನೆಯ ಆಟ 151. ಮೂರನೆಯದರಲ್ಲಿ ಚೆಂಡು ಬೇಗನೆ ತಿರುಗಿ ಮುಂದಿನ ಪಿನ್‌ನ ಮೂಗಿಗೇ ಬಡಿಯತೊಡಗಿತು. ನಡುವಿನ ಪಿನ್‌ಗಳು ಹಾರಿಹೋಗಿ ಎರಡು ಬದಿಯವು ನಿಂತುಬಿಡುತ್ತಿದ್ದವು. ಅವುಗಳನ್ನು ಒಂದೇ ಎಸೆತಕ್ಕೆ ಬೀಳಿಸುವ ಶಕ್ತಿ ನನ್ನಂಥವರಿಗಿಲ್ಲ.

ಆಗ ನಾನು ಮಾಡಿದ್ದು ಒಂದೇ ತಪ್ಪು: ಜೋರಾಗಿ ಎಸೆದೆ. ವೇಗ ಹೆಚ್ಚಿದರೆ ತಿರುಗಲು ಸಮಯ ಸಿಗುವುದಿಲ್ಲ ಎಂಬುದು ನನ್ನ ಲೆಕ್ಕ. ಲೆಕ್ಕ ಸುಳ್ಳಲ್ಲ, ಅದಕ್ಕೇ ಅದು ಅಪಾಯಕಾರಿ. ಮೊದಲ ಸಲ ಹಾಗೆ ಎಸೆದಾಗ 9 ಪಿನ್ ಬಿದ್ದವು, ನನಗೆ ಪೂರ್ತಿ ನಂಬಿಕೆ ಬಂತು. ಆದರೆ 15 ಪೌಂಡ್ ಚೆಂಡನ್ನು ದಣಿದ ತೋಳಿನಿಂದ ಬಲವಂತವಾಗಿ ದೂಡಿದರೆ ಬೆರಳುಗಳು ಬಿಗಿಯುತ್ತವೆ, ಭುಜ ಮುಂದೆ ಬರುತ್ತದೆ, ತೋಳು ಮೈಗೆ ಅಡ್ಡವಾಗಿ ಬೀಸುತ್ತದೆ. ಚೆಂಡು ಕೈ ಬಿಡುವಾಗಲೇ ಎಡಕ್ಕೆ ಮುಖ ಮಾಡಿರುತ್ತಿತ್ತು. ನಾನು ಲೇನನ್ನು ಬೈದುಕೊಂಡು ಮುಂದಿನ ಎಸೆತವನ್ನು ಇನ್ನೂ ಜೋರಾಗಿ ಎಸೆಯುತ್ತಿದ್ದೆ. ಹೀಗೆ ಐದು ಫ್ರೇಮ್, ಅಂದರೆ ಐದು ಸರದಿ.

ಆ ಜೋಡಿ ಲೇನ್‌ಗಳಲ್ಲಿ ಎಂಟು ಜನ ಆಡುತ್ತಿದ್ದೆವು, ಏಳು ಮಂದಿ ಬಲಗೈಯವರು. ಒಬ್ಬೊಬ್ಬರು ಆಟಕ್ಕೆ 15ಕ್ಕಿಂತ ಹೆಚ್ಚು ಸಲ ಹೆಚ್ಚುಕಡಿಮೆ ಅದೇ ನಾಲ್ಕೈದು ಹಲಗೆಗಳ ಮೇಲೆ ಎಸೆಯುತ್ತಿದ್ದೆವು. ಪ್ರತಿ ಚೆಂಡೂ ಒಂದಿಷ್ಟು ಎಣ್ಣೆ ಬಳಿದುಕೊಂಡು ಹೋಗುತ್ತಿತ್ತು. ಎದುರು ತಂಡದ ಎಡಗೈ ಆಟಗಾರನ ಚೆಂಡು ಮಾತ್ರ ಕೊನೆಯವರೆಗೂ ಮೊದಲಿನಂತೆಯೇ ಹೋಯಿತು, ಅವನ ದಾರಿಯಲ್ಲಿ ಬೇರೆ ಯಾರೂ ನಡೆದಿರಲಿಲ್ಲ. ಅದನ್ನು ಕಣ್ಣಾರೆ ನೋಡಿಯೂ ನನಗೆ ಹೊಳೆಯಲಿಲ್ಲ. ನಮ್ಮ ತಂಡದಲ್ಲಿದ್ದ ಮಂಡ್ಯದ ಹಿರಿಯರು, "ಚೆಂಡಿನ ಮಾತು ಬಿಡಪ್ಪ, ನೀನು ನಿಂತಿರುವ ಜಾಗ ನೋಡು" ಎಂದು ಎರಡು ಸಲ ಹೇಳಿದರು. ಸ್ಟ್ರೈಕ್ ಕೊಟ್ಟ ಜಾಗ ಬಿಡಲು ನನಗೆ ಮನಸ್ಸಾಗಲಿಲ್ಲ. ನನ್ನ ಆಟ 104ಕ್ಕೆ ಮುಗಿಯಿತು. ತಂಡ 11 ಪಿನ್‌ಗಳಿಂದ, ಅಂದರೆ 11 ಅಂಕಗಳಿಂದ, ಸೋತಿತು. ಆ ಹನ್ನೊಂದೂ ನನ್ನವೇ.

ವಾಪಸು ಬರುವಾಗ ಕಾರಿನಲ್ಲಿ ಆ ಹಿರಿಯರು 1999ರ ದೆಹಲಿ ಟೆಸ್ಟ್ ನೆನಪಿಸಿದರು. ಊಟದ ವಿರಾಮದವರೆಗೆ ಕುಂಬ್ಳೆಗೆ ಒಂದು ವಿಕೆಟ್ಟೂ ಸಿಕ್ಕಿರಲಿಲ್ಲ, ಪಾಕಿಸ್ತಾನ ವಿಕೆಟ್ ನಷ್ಟವಿಲ್ಲದೆ 101. ವಿರಾಮದ ನಂತರ ಇನ್ನೊಂದು ತುದಿಯಿಂದ ಬೌಲ್ ಮಾಡಿದರು, ಹತ್ತೂ ವಿಕೆಟ್ ಅವರಿಗೇ ಬಂದವು. ಚೆಂಡೂ ಅದೇ, ಕೈಯೂ ಅದೇ.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಪ್ಪು ಕಡೆಯಿಂದ ಶುರುವಾಗಿದೆ ಎನ್ನುತ್ತೇನೆ. ಹೆಚ್ಚು ತಿರುಗುವ ದುಬಾರಿ ಚೆಂಡು ಒಣ ಲೇನ್‌ನಲ್ಲಿ ಇನ್ನೂ ಬೇಗ ತಿರುಗುತ್ತದೆ. ಚೆಂಡು ಎಡಕ್ಕೆ ತಪ್ಪಿದರೆ ನೀವೂ ಎಡಕ್ಕೆ ಸರಿಯಿರಿ. ಬಲಕ್ಕೆ ಸರಿಯಬೇಕು ಎಂದು ಮನಸ್ಸು ಹೇಳುತ್ತದೆ, ಕೇಳಬೇಡಿ, ಎಣ್ಣೆ ಉಳಿದಿರುವುದು ನಡುವಿನಲ್ಲಿ. ಕಾಲು ನಾಲ್ಕು ಹಲಗೆ, ಗುರಿ ಎರಡು ಹಲಗೆ ಸರಿಸಿ, ವೇಗ ಮುಟ್ಟಬೇಡಿ. ಎಡಗೈಯವರಾದರೆ ಎಲ್ಲವನ್ನೂ ತಿರುಗುಮುರುಗು ಮಾಡಿಕೊಳ್ಳಿ. ಪ್ರತಿ ಎಸೆತಕ್ಕೂ ಮೊದಲು ಚೆಂಡನ್ನು ಬಟ್ಟೆಯಿಂದ ಒರೆಸಿ. ಹಣ ಖರ್ಚು ಮಾಡಲೇಬೇಕೆಂದಿದ್ದರೆ, ಉಳಿದ ಒಂಟಿ ಪಿನ್‌ಗಳಿಗಾಗಿ ನೇರವಾಗಿ ಹೋಗುವ ಅಗ್ಗದ ಪ್ಲಾಸ್ಟಿಕ್ ಚೆಂಡು ಸಾಕು.

ಮುಂದಿನ ವಾರ ಮೊದಲ ಆಟದಲ್ಲಿ ನಿಲ್ಲುವ ಜಾಗದ ನೆಲದಲ್ಲಿ ನಿಮ್ಮ ಎಡಗಾಲು ಯಾವ ಚುಕ್ಕೆಯ ಮೇಲಿತ್ತು, ಮೂರನೆಯದರಲ್ಲಿ ಎಲ್ಲಿತ್ತು ಎಂದು ಬರೆದಿಟ್ಟುಕೊಂಡು ನನಗೆ ತಿಳಿಸಿ.