ಟರೆಟ್ ಮೇಲೆ 131 ಎಂದಿದ್ದರೆ ಅದು ನೂರ ಮೂವತ್ತೊಂದಲ್ಲ

ವಾರ್ ಥಂಡರ್, ವರ್ಲ್ಡ್ ಆಫ್ ಟ್ಯಾಂಕ್ಸ್ ಎಂಬ ಟ್ಯಾಂಕ್ ಯುದ್ಧದ ಗೇಮುಗಳನ್ನು ಆಡುವವರು ಟ್ಯಾಂಕಿನ ಮೈಮೇಲಿನ ಗುರುತುಗಳ ಬಗ್ಗೆ ಕೇಳಿದ್ದನ್ನೇ ಕೇಳುತ್ತಿದ್ದಾರೆ. ಅಂಥವಕ್ಕೆಲ್ಲ ಇಲ್ಲಿ ಒಟ್ಟಿಗೆ ಉತ್ತರ. ಟರೆಟ್ ಎಂದರೆ ತೋಪು ಹೊತ್ತು ತಿರುಗುವ ಟ್ಯಾಂಕಿನ ಮೇಲ್ಭಾಗ; ಟೈಗರ್, ಪ್ಯಾಂಥರ್ ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕುಗಳು, ಶರ್ಮನ್ ಅಮೆರಿಕದ್ದು. ಇದಕ್ಕಿಂತ ಹಿಂದಿನಿಂದ ಶುರುಮಾಡುವುದಿಲ್ಲ.

ಪ್ರಶ್ನೆ: ಜರ್ಮನ್ ಟೈಗರ್‌ನ ಟರೆಟ್ ಮೇಲಿರುವ ಮೂರಂಕಿ ಕಾರ್ಖಾನೆಯ ಸಂಖ್ಯೆಯೇ ಅಥವಾ ಹೊಡೆದುರುಳಿಸಿದ ಟ್ಯಾಂಕುಗಳ ಲೆಕ್ಕವೇ? ನನ್ನ ಟೈಗರ್‌ಗೆ 777 ಹಾಕಿದ್ದೇನೆ, ಇತಿಹಾಸಕ್ಕೆ ಸರಿಹೊಂದುತ್ತದೆಯೇ?

ಎರಡೂ ಅಲ್ಲ. ‘ಅಷ್ಟು ಟ್ಯಾಂಕ್ ಹೊಡೆದ ಲೆಕ್ಕ’ ಎಂದು ವಿಡಿಯೊಗಳಲ್ಲಿ ಹೇಳುವವರು ಒಂದೇ ಒಂದು ಘಟಕದ ಪಟ್ಟಿಯನ್ನಾದರೂ ತೆರೆದು ನೋಡಿಲ್ಲ. ಆ ಸಂಖ್ಯೆ ಟ್ಯಾಂಕಿನ ವಿಳಾಸ. ಲಾಡ್ಜಿನಲ್ಲಿ 204 ಎಂದರೆ ಎರಡನೇ ಮಹಡಿಯ ನಾಲ್ಕನೇ ರೂಮು, ಅಲ್ಲಿ ಇನ್ನೂರ ನಾಲ್ಕು ರೂಮುಗಳಿವೆ ಎಂದಲ್ಲ. ಇದೂ ಹಾಗೆಯೇ. ಅಂಕಿಗಳನ್ನು ಬಿಡಿಬಿಡಿಯಾಗಿ ಓದಬೇಕು: ಮೊದಲನೆಯದು ಕಂಪನಿ (ಹಲವು ಕಂಪನಿ ಸೇರಿದರೆ ಬೆಟಾಲಿಯನ್), ಎರಡನೆಯದು ಕಂಪನಿಯೊಳಗಿನ ಸಣ್ಣ ತಂಡವಾದ ಪ್ಲಟೂನ್, ಮೂರನೆಯದು ಆ ಪ್ಲಟೂನ್‌ನ ಎಷ್ಟನೇ ಟ್ಯಾಂಕ್ ಎಂಬುದು. 1943ರ ಏಪ್ರಿಲ್‌ನಲ್ಲಿ ಟ್ಯುನೀಷಿಯಾದಲ್ಲಿ ಬ್ರಿಟಿಷರ ಕೈಸೇರಿ, ಈಗ ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಂನಲ್ಲಿರುವ ಟೈಗರ್ 131 ನೋಡಿ. 504ನೇ ಹೆವಿ ಟ್ಯಾಂಕ್ ಬೆಟಾಲಿಯನ್ನಿನ 1ನೇ ಕಂಪನಿ, 3ನೇ ಪ್ಲಟೂನ್, 1ನೇ ಟ್ಯಾಂಕ್ ಅದು. ಮೂರನೇ ಅಂಕಿ 1 ಆದ್ದರಿಂದ ಅದು ಪ್ಲಟೂನ್ ನಾಯಕನ ಗಾಡಿ. ಟರೆಟ್ ಪಕ್ಕದಲ್ಲಿ ಕೆಂಪು ಅಂಕಿ, ಸುತ್ತ ಬಿಳಿ ಅಂಚು.

ಇನ್ನು ನಿಮ್ಮ 777. ಟೈಗರ್ ಬೆಟಾಲಿಯನ್ನಿನಲ್ಲಿ ಹೆಚ್ಚೆಂದರೆ ಮೂರು ಕಂಪನಿ. 1943ರ ಮಧ್ಯದಿಂದಾಚೆ ಕಂಪನಿಗೆ 14 ಟೈಗರ್: ಕಂಪನಿ ನಾಯಕತ್ವಕ್ಕೆ ಎರಡು, ಉಳಿದಂತೆ ತಲಾ ನಾಲ್ಕರ ಮೂರು ಪ್ಲಟೂನ್. ಬೆಟಾಲಿಯನ್ ಕಚೇರಿಯ ಮೂರು ಸೇರಿಸಿದರೆ ಒಟ್ಟು 45. ಅಂದಮೇಲೆ ಏಳನೇ ಕಂಪನಿ ಸಾಮಾನ್ಯವಾಗಿ ಇಲ್ಲ, ಏಳನೇ ಪ್ಲಟೂನಂತೂ ಇಲ್ಲ, ಏಳನೇ ಟ್ಯಾಂಕೂ ಇಲ್ಲ. ಕೊನೆಯ ಎರಡು ಅಂಕಿಯಂತೂ ತಪ್ಪು. 3ನೇ ಕಂಪನಿ ಬೇಕಿದ್ದರೆ 311ರಿಂದ 314, 321ರಿಂದ 324, 331ರಿಂದ 334. ಇವುಗಳಲ್ಲಿ ಯಾವುದನ್ನಾದರೂ ಹಾಕಿ, ಕಣ್ಣಿಗೆ ಒಪ್ಪುತ್ತದೆ.

ಕಂಪನಿ ನಾಯಕನ ಗಾಡಿ ಬೇಕೆನ್ನುವವರು ಎಡವುವುದು ಇಲ್ಲೇ. ಕೆಲವು ಘಟಕಗಳು 300 ಮತ್ತು 301 ಬಳಸಿದವು, ಕೆಲವು 301 ಮತ್ತು 302. ನಾಜಿ ಪಕ್ಷದ ಸಶಸ್ತ್ರ ಪಡೆ ಎಸ್‌ಎಸ್‌ನ 101ನೇ ಹೆವಿ ಬೆಟಾಲಿಯನ್ 1944ರಲ್ಲಿ ಕೊನೆಗೆ 04, 05 ಹಾಕುತ್ತಿತ್ತು. ಅದಕ್ಕೇ ಅಲ್ಲಿ 2ನೇ ಕಂಪನಿಯ ನಾಯಕನಾಗಿದ್ದ ಮಿಖಾಯೆಲ್ ವಿಟ್‌ಮನ್‌ನ ಗಾಡಿ 205. ಅವನು 1944ರ ಆಗಸ್ಟ್ 8ರಂದು ಸತ್ತಾಗ ಇದ್ದದ್ದು 007ರಲ್ಲಿ. ಅದು ಬೆಟಾಲಿಯನ್ ಕಚೇರಿಯ ಟ್ಯಾಂಕ್, ಗೂಢಚಾರ ಸಿನಿಮಾಗಳಿಗೂ ಅದಕ್ಕೂ ಸಂಬಂಧ ಹುಡುಕಬೇಡಿ. ಹಾಗಾಗಿ ಮೊದಲು ಘಟಕ ಮತ್ತು ವರ್ಷ ಗೊತ್ತುಮಾಡಿಕೊಳ್ಳಿ, ಸಂಖ್ಯೆ ಆಮೇಲೆ. ಈ ಕ್ರಮ ತಿರುವುಮುರುವಾದರೆ ತಪ್ಪು ಖಚಿತ.

ಪ್ಯಾಂಥರ್‌ಗೆ ಲೆಕ್ಕ ಬೇರೆ. 1944ರ 17 ಟ್ಯಾಂಕಿನ ಕಂಪನಿಯಲ್ಲಿ ಪ್ಲಟೂನ್‌ಗೆ ಐದು. 335 ಟೈಗರ್ ಮೇಲೆ ತಪ್ಪು, ಪ್ಯಾಂಥರ್ ಮೇಲೆ ಸರಿ. ಎರಡು ಬೆಟಾಲಿಯನ್ ಸೇರಿದ ರೆಜಿಮೆಂಟಿನ ಒಂದನೇ ಬೆಟಾಲಿಯನ್ನಿಗೆ 1ರಿಂದ 4ನೇ ಕಂಪನಿ, ಎರಡನೆಯದಕ್ಕೆ 5ರಿಂದ 8. 1944ರಲ್ಲಿ ಸಾಮಾನ್ಯವಾಗಿ ಮೊದಲನೆಯದರಲ್ಲಿ ಪ್ಯಾಂಥರ್, ಎರಡನೆಯದರಲ್ಲಿ ಪ್ಯಾಂಜರ್ 4 ಇರುತ್ತಿದ್ದವು. ಪ್ಯಾಂಥರ್ ಮೇಲೆ 8ರಿಂದ ಶುರುವಾಗುವ ಸಂಖ್ಯೆ ಕಂಡರೆ ಅನುಮಾನಿಸಿ. ಅಂಕಿಯ ಮುಂದೆ ‘ಆರ್’ ಅಕ್ಷರ ಇದ್ದರೆ ರೆಜಿಮೆಂಟ್ ಕಚೇರಿ, ರೋಮನ್ ಒಂದು ಅಥವಾ ಎರಡು ಇದ್ದರೆ ಬೆಟಾಲಿಯನ್ ಕಚೇರಿ.

ನಾಲ್ಕಂಕಿ ಕಂಡು ಗಾಬರಿಯಾಗಬೇಡಿ. 1943ರಲ್ಲಿ ರಷ್ಯಾದಲ್ಲಿ ನಡೆದ ಕುರ್ಸ್ಕ್ ಕಾಳಗದ 1331 ಎಂದರೆ ರೆಜಿಮೆಂಟೊಂದರ 13ನೇ ಕಂಪನಿ, 3ನೇ ಪ್ಲಟೂನ್, 1ನೇ ಟ್ಯಾಂಕ್. ಟರೆಟ್ ಪಕ್ಕದಲ್ಲಿ ಅಂಕಿಯೇ ಇಲ್ಲದ್ದೂ ಉಂಟು. 505ನೇ ಬೆಟಾಲಿಯನ್ನಿನ ಟೈಗರ್ 2 ಟ್ಯಾಂಕುಗಳಲ್ಲಿ ಆ ಜಾಗದಲ್ಲಿ ಕುದುರೆ ಏರಿದ ಯೋಧನ ಚಿತ್ರ ಇತ್ತು, ಅಂಕಿಯನ್ನು ತೋಪಿನ ನಳಿಗೆಯ ಬುಡದ ದಪ್ಪ ಹೊದಿಕೆಯ ಮೇಲೆ ಬರೆಯುತ್ತಿದ್ದರು.

ಕೊನೆಯದಾಗಿ ಬಣ್ಣ. 1943ರ ಫೆಬ್ರವರಿಯಲ್ಲಿ ಆದೇಶ ಬರುವವರೆಗೂ ಜರ್ಮನ್ ಟ್ಯಾಂಕುಗಳ ಮೂಲಬಣ್ಣ ಸಾಮಾನ್ಯವಾಗಿ ಕಡು ಬೂದು, ಆಮೇಲೆ ಕಡು ಹಳದಿ. 1942ರ ಬೂದು ಟ್ಯಾಂಕಿನ ಮೇಲೆ 1944ರ ಘಟಕದ ಚಿಹ್ನೆ ಅಂಟಿಸಿ ‘ಐತಿಹಾಸಿಕ’ ಎನ್ನಬೇಡಿ. ಕಪ್ಪು-ಬಿಳುಪು ಫೋಟೊಗೆ ಈಚೆಗೆ ಬಣ್ಣ ತುಂಬಿ ಹಂಚುತ್ತಾರಲ್ಲ, ಅವನ್ನಂತೂ ಆಧಾರವೆಂದು ತೆಗೆದುಕೊಳ್ಳಲೇಬೇಡಿ. ಆ ಫೋಟೊಗಳಲ್ಲಿ ಕಡು ಕೆಂಪೂ ಕಪ್ಪೂ ಒಂದೇ ಥರ ಕಾಣುತ್ತವೆ, ಬಣ್ಣ ತುಂಬಿದವರು ಊಹಿಸಿರುತ್ತಾರೆ ಅಷ್ಟೆ. ಮ್ಯೂಸಿಯಂ ಟ್ಯಾಂಕುಗಳಿಗೂ ಎಷ್ಟೋ ಸಲ ಮರುಬಣ್ಣ ಆಗಿರುತ್ತದೆ. ಯುದ್ಧಕಾಲದ ಫೋಟೊ, ಘಟಕದ ಹೆಸರು, ತಿಂಗಳು ಮೂರೂ ಸಿಕ್ಕಮೇಲೆ ಡೆಕಾಲ್ (ಅಂಟಿಸುವ ಗುರುತು) ಹಾಕಿ.

ಪ್ರಶ್ನೆ: ತೋಪಿನ ನಳಿಗೆಯ ಮೇಲಿನ ಬಿಳಿ ಉಂಗುರಗಳು?

ಯುದ್ಧದಲ್ಲಿ ಅವೇ ಹೊಡೆದ ಟ್ಯಾಂಕುಗಳ ಲೆಕ್ಕ. ದಪ್ಪ ಉಂಗುರ ಸಾಮಾನ್ಯವಾಗಿ ಹತ್ತಕ್ಕೆ ಒಂದು. ವರ್ಲ್ಡ್ ಆಫ್ ಟ್ಯಾಂಕ್ಸ್‌ನ ಉಂಗುರಗಳು ಬೇರೆ. ನಿಮ್ಮ ಸರಾಸರಿ ಡ್ಯಾಮೇಜ್ ಅದೇ ಟ್ಯಾಂಕ್ ಆಡುವ ಶೇ 65, 85, 95 ಜನರನ್ನು ಮೀರಿದಾಗ ಒಂದು, ಎರಡು, ಮೂರು ಬರುತ್ತವೆ.

ಪ್ರಶ್ನೆ: ಶರ್ಮನ್‌ನ ಬಿಳಿ ನಕ್ಷತ್ರವನ್ನು ಸೈನಿಕರೇ ಅಳಿಸುತ್ತಿದ್ದರಂತೆ, ನಿಜವೇ?

ನಿಜ. ಅದು ಮಿತ್ರಪಡೆಗಳ ಗುರುತು. ದೂರದಿಂದ ಜರ್ಮನ್ ಶಿಲುಬೆಯಂತೆ ಕಂಡೀತೆಂದು ಸುತ್ತ ವೃತ್ತ ಸೇರಿಸಿದರು. ಆದರೆ ಶತ್ರು ಗುರಿಕಾರನಿಗೆ ಅದೇ ಗುರಿ ಹಿಡಿಯುವ ಬಿಂದುವಾಯಿತು. 1939ರಲ್ಲಿ ಪೋಲೆಂಡಿನಲ್ಲಿ ಜರ್ಮನ್ನರಿಗೂ ಇದೇ ಗತಿ: ಟ್ಯಾಂಕಿನ ದೊಡ್ಡ ಬಿಳಿ ಶಿಲುಬೆಗೇ ಪೋಲಿಷ್ ತೋಪುಗಳು ಗುರಿಯಿಟ್ಟವು, ಸಿಬ್ಬಂದಿ ಅದರ ಮೇಲೆ ಮಣ್ಣು ಬಳಿದುಕೊಂಡರು. ಅಮೆರಿಕನ್ ಟ್ಯಾಂಕಿಗೆ ಹೆಸರಿಡುವುದಿದ್ದರೆ ಕಂಪನಿಯ ಅಕ್ಷರದಿಂದಲೇ ಶುರುಮಾಡಿ. 1944ರ ಡಿಸೆಂಬರ್ 26ರಂದು ಜರ್ಮನ್ನರ ಮುತ್ತಿಗೆ ಭೇದಿಸಿ ಬೆಲ್ಜಿಯಂನ ಬಾಸ್ತೋನ್ ಪಟ್ಟಣ ತಲುಪಿದ ಮೊದಲ ಟ್ಯಾಂಕ್ ‘ಕೋಬ್ರಾ ಕಿಂಗ್’ 37ನೇ ಟ್ಯಾಂಕ್ ಬೆಟಾಲಿಯನ್ನಿನ ಸಿ ಕಂಪನಿಯದು.

ಪ್ರಶ್ನೆ: ಬ್ರಿಟಿಷ್ ಟ್ಯಾಂಕಿನ ತ್ರಿಕೋನ, ಚೌಕ? ಮುಂಭಾಗದ ಹಳದಿ ವೃತ್ತದೊಳಗಿನ ಸಂಖ್ಯೆ?

ತ್ರಿಕೋನ ಎ ಸ್ಕ್ವಾಡ್ರನ್ (ಬ್ರಿಟಿಷರಲ್ಲಿ ಕಂಪನಿಗೆ ಸಮನಾದ ತಂಡ), ಚೌಕ ಬಿ, ವೃತ್ತ ಸಿ, ವಜ್ರಾಕೃತಿ ಹೆಡ್‌ಕ್ವಾರ್ಟರ್ಸ್. ಬಣ್ಣ ಬ್ರಿಗೇಡಿನೊಳಗಿನ ರೆಜಿಮೆಂಟಿನ ಹಿರಿತನ ಹೇಳುತ್ತದೆ: ಕೆಂಪು, ಹಳದಿ, ನೀಲಿ, ಈ ಕ್ರಮದಲ್ಲಿ. ಹಳದಿ ವೃತ್ತದ ಸಂಖ್ಯೆ ಸೇತುವೆ ದಾಟುವ ತೂಕದ ವರ್ಗ. ಅದನ್ನು ಘಟಕದ ಸಂಖ್ಯೆ ಎಂದು ಬರೆಯುವುದನ್ನು ದಯವಿಟ್ಟು ನಿಲ್ಲಿಸಿ.

ಪ್ರಶ್ನೆ: ಬರ್ಲಿನ್‌ನ ಸೋವಿಯೆತ್ ಟ್ಯಾಂಕುಗಳ ಟರೆಟ್ ಸುತ್ತ ಬಿಳಿ ಪಟ್ಟಿ ಏಕೆ?

ಮಿತ್ರದೇಶಗಳ ವಿಮಾನಗಳು ತಪ್ಪಿ ಬಾಂಬ್ ಹಾಕದಿರಲಿ ಎಂದು. ಟರೆಟ್ ಚಾವಣಿಯ ಮೇಲಿನ ಬಿಳಿ ಶಿಲುಬೆಯೂ ಅದಕ್ಕೇ. 1945ಕ್ಕೆ ಮಾತ್ರ ಹೊಂದುತ್ತದೆ, 1943ರ ಟಿ-34 ಮೇಲೆ ಹಾಕಬೇಡಿ.

ಪ್ರಶ್ನೆ: ನಮ್ಮ ಸೇನೆಯ ವಾಹನಗಳ ನಂಬರಿನಲ್ಲಿ ಬಾಣ ಏಕಿದೆ?

ಸರಕಾರಿ ಸೊತ್ತು ಎಂದು ತೋರಿಸಲು ಬ್ರಿಟಿಷರು ಬಳಸುತ್ತಿದ್ದ ಬಾಣದ ಗುರುತು ಅದು. ಅದರ ಜೊತೆಗಿನ ಎರಡಂಕಿ ವಾಹನ ಸೇನೆಗೆ ಬಂದ ವರ್ಷ.

ಪ್ರಶ್ನೆ: ಗೇಮಿನಲ್ಲಿ ಜರ್ಮನ್ ಟ್ಯಾಂಕಿಗೆ ಸ್ವಸ್ತಿಕ ಹಾಕುವ ಮಾಡ್ (ಗೇಮನ್ನು ಬದಲಿಸುವ ಫೈಲ್) ಎಲ್ಲಿ ಸಿಗುತ್ತದೆ? ಅದಿಲ್ಲದೆ ಪೂರ್ಣ ಅನ್ನಿಸುವುದಿಲ್ಲ.

ಹೇಳುವುದಿಲ್ಲ. ಜರ್ಮನ್ ಟ್ಯಾಂಕಿನ ರಾಷ್ಟ್ರೀಯ ಗುರುತು ನೇರ ಅಂಚಿನ ಶಿಲುಬೆ. ಫೋಟೊಗಳಲ್ಲಿ ನೀವು ಕಂಡಿರುವುದು ತಮ್ಮದೇ ವಿಮಾನಗಳಿಗೆ ಕಾಣಲೆಂದು ಎಂಜಿನ್ ಮೇಲೆ ಹಾಸುತ್ತಿದ್ದ ಬಟ್ಟೆಯ ಬಾವುಟ. ಅದನ್ನು ಟರೆಟ್ ಪಕ್ಕಕ್ಕೆ ದೊಡ್ಡದಾಗಿ ಬಳಿದರೆ ಇತಿಹಾಸವೂ ತಪ್ಪುತ್ತದೆ.